ಜೆಪ್ಪಿನ ಹೆಂಚು, ಕಂಕನಾಡಿಯ ಗುಳಿಗೆ: ಮಂಗಳೂರಿನ ಕ್ರೈಸ್ತ ದಾನಧರ್ಮದ ಚರಿತ್ರೆ

ಮಂಗಳೂರಿನ ಕ್ರೈಸ್ತ ದಾನಧರ್ಮಕ್ಕೆ ಎರಡು ಮೂಲಗಳಿವೆ. ಒಂದು, ಹದಿನಾರನೆಯ ಶತಮಾನದಿಂದೀಚೆಗೆ ಗೋವೆಯಿಂದ ಅಲೆಅಲೆಯಾಗಿ ಕೆನರಾಕ್ಕೆ ಬಂದು ನೆಲೆಸಿದ ಕೊಂಕಣಿ ಕ್ಯಾಥೊಲಿಕರು ತಂದ ಇಗರ್ಜಿಯ ಪದ್ಧತಿ. ಇನ್ನೊಂದು, 1834ರಲ್ಲಿ ಕಡಲಿನ ದಾರಿಯಿಂದ ಬಂದ ಬಾಸೆಲ್ ಮಿಷನ್ನಿನದು. ಎರಡೂ ಒಂದೇ ಸುವಾರ್ತೆಯ ಮಾತನ್ನು ನೆಚ್ಚಿದ್ದವು. ಹಸಿದವನಿಗೆ ಊಟ, ಬಾಯಾರಿದವನಿಗೆ ನೀರು, ಬಟ್ಟೆಯಿಲ್ಲದವನಿಗೆ ಬಟ್ಟೆ, ನೆಲೆಯಿಲ್ಲದವನಿಗೆ ಆಸರೆ ಕೊಡುವುದು, ರೋಗಿಯನ್ನೂ ಸೆರೆಯಾಳನ್ನೂ ನೋಡಿಬರುವುದು: ಈ ಪಟ್ಟಿ ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯದಲ್ಲಿದೆ. ಸತ್ತವರನ್ನು ಹೂಳುವುದನ್ನೂ ಸೇರಿಸಿಕೊಂಡು ಕ್ಯಾಥೊಲಿಕರು ಇವನ್ನು ಏಳು ಕರುಣೆಯ ಕೆಲಸಗಳೆಂದು ಎಣಿಸುತ್ತಾರೆ. ಮಂಗಳೂರಿನಲ್ಲಿ ಈ ಏಳೂ ನಡೆದವು. ಆದರೆ ಇಲ್ಲಿನ ಚರಿತ್ರೆ ಗಮನಕ್ಕೆ ಅರ್ಹವಾಗುವುದು ಬೇರೊಂದು ಕಾರಣಕ್ಕೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿನ ದಾನವು ಕಾರ್ಖಾನೆಯಾಯಿತು, ಔಷಧಿ ವ್ಯಾಪಾರವಾಯಿತು. ತನ್ನ ಖರ್ಚನ್ನು ತಾನೇ ದುಡಿದುಕೊಳ್ಳುವುದನ್ನು ಕಲಿತ ದಾನ ಇದು.

ಮೊದಲಿನ ಪದ್ಧತಿ ಸರಳವಾಗಿತ್ತು. ಗೋವೆಯಲ್ಲಿ ಪೋರ್ಚುಗೀಸರು ಲಿಸ್ಬನ್ನಿನ ಮಾದರಿಯಲ್ಲಿ ಮಿಸೆರಿಕಾರ್ಡಿಯ ಎಂಬ ಭ್ರಾತೃಸಂಘವನ್ನು ಕಟ್ಟಿದ್ದರು. ಲಿಸ್ಬನ್ನಿನ ಮೂಲ ಸಂಘ 1498ರದು. ಆಸ್ಪತ್ರೆ, ಅನಾಥ ಹೆಣ್ಣುಮಕ್ಕಳ ಮದುವೆಯ ಖರ್ಚು, ಸೆರೆಮನೆಯವರ ಊಟ, ದಿಕ್ಕಿಲ್ಲದ ಹೆಣಗಳ ಸಂಸ್ಕಾರ ಇವೆಲ್ಲ ಅದರ ಹೊಣೆ. ಕೆನರಾದ ಇಗರ್ಜಿಗಳಿಗೆ ಅಷ್ಟು ಹಣಬಲ ಇರಲಿಲ್ಲ. ಇಲ್ಲಿಗೆ ಬಂದದ್ದು ಭ್ರಾತೃಸಂಘದ ಕಲ್ಪನೆ, ಮತ್ತು ಮನೆಮಟ್ಟದ ರೂಢಿಗಳು. ಗೋವೆಯ ಕ್ಯಾಥೊಲಿಕರಲ್ಲಿ ಮದುವೆಗೆ ಮುಂಚೆ ಬಡವರನ್ನು ಕರೆದು ಕೂರಿಸಿ ಬಡಿಸುವ ಭಿಕಾರ್ಯಾಂಚೆಂ ಜೆವಣ್ ಎಂಬ ಊಟವಿದೆ. ತೀರಿಕೊಂಡ ಹಿರಿಯರ ಹೆಸರಿನಲ್ಲಿ ಅದನ್ನು ಹಾಕುತ್ತಾರೆ. ಬಂದವರು ಉಂಡು ಆ ಆತ್ಮಗಳಿಗಾಗಿ ಪ್ರಾರ್ಥಿಸುತ್ತಾರೆ. ನಮ್ಮ ಹಳ್ಳಿಗಳ ತಿಥಿಯೂಟ ಕಂಡವರಿಗೆ ಇದರ ಭಾವ ಹೊಸದೇನೂ ಅಲ್ಲ. ಪಿತೃಗಳನ್ನು ನೆನೆಯುವುದಕ್ಕೂ ಹಸಿದವರಿಗೆ ಬಡಿಸುವುದಕ್ಕೂ ನಂಟು ಹಾಕಿದ ಹಳೆಯ ಮನಸ್ಸು ಮತ ಬದಲಾದ ಮೇಲೂ ಉಳಿದುಕೊಂಡಿತೆಂದೇ ಹೇಳಬೇಕು.

ಇಂಥ ದಾನ ಕೊಡುವವರ ಸ್ಥಿತಿಗತಿಗೆ ಅಂಟಿಕೊಂಡದ್ದು. 1784ರಲ್ಲಿ ಟಿಪ್ಪು ಸುಲ್ತಾನನು ಕೆನರಾದ ಕ್ಯಾಥೊಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದಾಗ ಇಗರ್ಜಿಗಳು ಬಿದ್ದವು, ಅವುಗಳ ಜೊತೆಗೆ ಬಡವರಿಗಿದ್ದ ಈ ಆಸರೆಯೂ ಹೋಯಿತು. 1799ರ ನಂತರ ಬದುಕಿ ಮರಳಿದವರು ಮೊದಲಿನಿಂದ ಮನೆ ಕಟ್ಟಬೇಕಾಯಿತು. ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಈ ಸಮುದಾಯಕ್ಕೆ ತನ್ನವರನ್ನು ಸಾಕುವುದೇ ದೊಡ್ಡ ಮಾತಾಗಿತ್ತು.

ಬಾಸೆಲ್ ಮಿಷನ್ ಬಂದದ್ದು ಇಂಥ ಊರಿಗೆ. 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ ಹುಟ್ಟಿದ ಈ ಸಂಸ್ಥೆಗೆ ಜನಬಲ ಒದಗಿದ್ದು ಹೆಚ್ಚಾಗಿ ದಕ್ಷಿಣ ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯಿಂದ. ರೈತರ, ಕುಶಲಕರ್ಮಿಗಳ ಮನೆಯ ಮಕ್ಕಳೇ ಇದರಲ್ಲಿ ಬಹಳ. ಈಸ್ಟ್ ಇಂಡಿಯಾ ಕಂಪನಿಯ 1833ರ ಸನ್ನದು ಬ್ರಿಟಿಷರಲ್ಲದ ಪಾದ್ರಿಗಳಿಗೂ ಬಾಗಿಲು ತೆರೆಯಿತು. ಮರುವರ್ಷವೇ ಸ್ಯಾಮ್ಯುವೆಲ್ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಕಲ್ಲಿಕೋಟೆಯಲ್ಲಿ ಇಳಿದು ಮಂಗಳೂರಿಗೆ ಬಂದರು. 1836ರಲ್ಲಿ ಹರ್ಮನ್ ಮೋಗ್ಲಿಂಗ್ ಬಂದ. ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರವನ್ನು 1843ರಲ್ಲಿ ಹೊರಡಿಸಿದವನು ಇವನೇ.

ಮಿಷನ್ನಿಗೆ ಸೇರಿದವರಲ್ಲಿ ತುಳುನಾಡಿನ ಬಿಲ್ಲವ ಜಾತಿಯವರು ಗಣನೀಯ ಸಂಖ್ಯೆಯಲ್ಲಿದ್ದರು. ಸಂಕಟ ಶುರುವಾದದ್ದು ಅಲ್ಲಿಂದ. ಬಿಲ್ಲವರ ಪಾರಂಪರಿಕ ಕಸುಬು ಮೂರ್ತೆ, ಅಂದರೆ ಕಳ್ಳು ಇಳಿಸುವುದು. ಕ್ರೈಸ್ತನಾದವನು ಅದನ್ನು ಬಿಡಬೇಕೆಂದು ಮಿಷನ್ ಕಟ್ಟುನಿಟ್ಟು ಮಾಡಿತು. ತಾಯಿಯ ಕಡೆಯಿಂದ ಆಸ್ತಿ ಇಳಿದುಬರುವ ಅಳಿಯಸಂತಾನದ ಕೂಡುಕುಟುಂಬ ಅವನನ್ನು ಹೊರಗಿಟ್ಟಿತು. ಧಣಿಯ ಮರ್ಜಿ ಇರುವ ತನಕ ಮಾತ್ರ ನಡೆಯುವ ಚಾಲಗೇಣಿಯ ಒಕ್ಕಲಾಗಿದ್ದರೆ ಧಣಿ ಎಬ್ಬಿಸಿದರೂ ಕೇಳುವವರಿರಲಿಲ್ಲ. ಜಾತಿ ಬಿಟ್ಟವರ ಆಸ್ತಿಹಕ್ಕನ್ನು ಕಾಯುವ ಕಾನೂನು ಬಂದದ್ದು 1850ರಲ್ಲಿ. ಬಂದ ಮೇಲೂ ಕೋರ್ಟಿಗೆ ಹೋಗುವ ತಾಕತ್ತು ಬಡವನಿಗೆಲ್ಲಿ? ಒಂದೇ ದಿನದಲ್ಲಿ ಕಸುಬು, ಮನೆ, ನೆಂಟರು ಮೂರನ್ನೂ ಕಳೆದುಕೊಂಡವನು ನೇರ ಪಾದ್ರಿಯ ಜಗಲಿಗೆ ಬಂದು ನಿಲ್ಲುತ್ತಿದ್ದ. ಈ ಬಡತನದ ಒಂದು ಪಾಲನ್ನು ಮಿಷನ್ನಿನ ನಿಯಮವೇ ಹುಟ್ಟಿಸಿತ್ತು. ಹಾಗಾಗಿ ಅದನ್ನು ನೀಗಿಸುವುದು ದಯೆಗಿಂತ ಹೆಚ್ಚಾಗಿ ಹೊಣೆಯಾಗಿತ್ತು.

ಮೊದಮೊದಲು ಅಕ್ಕಿ, ಬಟ್ಟೆ, ಅಷ್ಟಿಷ್ಟು ದುಡ್ಡು ಕೊಟ್ಟು ನೋಡಿದರು. ಕೊಟ್ಟಷ್ಟೂ ಕೇಳುವವರು ಹೆಚ್ಚಿದರು. ಅಕ್ಕಿಗಾಗಿ ಕ್ರೈಸ್ತರಾದವರು ಎಂಬ ಮೂದಲಿಕೆಯೂ ಹುಟ್ಟಿತು. ಕಲೆಕ್ಟರ್ ಬ್ಲೇರ್ 1840ರಲ್ಲಿ ಕೊಟ್ಟ ಬಲ್ಮಠದ ಗುಡ್ಡ ಮಿಷನ್ನಿನ ಕೇಂದ್ರವಾಯಿತು. ಬಿಟ್ಟಿ ಕೊಡುವ ಬದಲು ಕೆಲಸ ಕೊಡಲೆಂದು ಬೇಸಾಯ, ಕಾಫಿ, ಸಕ್ಕರೆ, ಮರಗೆಲಸ, ಗಡಿಯಾರ ತಯಾರಿ ಹೀಗೆ ಒಂದೊಂದನ್ನೇ ಹಚ್ಚಿ ನೋಡಿದರು. ಹೆಚ್ಚಿನವು ಕೈಕೊಟ್ಟವು. ಕರಾವಳಿಯ ಉಪ್ಪುಗಾಳಿಯಲ್ಲಿ ಗಡಿಯಾರದ ಕೆಲಸಕ್ಕೆ ಎಷ್ಟು ಗಿರಾಕಿ ಸಿಗಬಹುದು ಎಂದು ಹೊರಡುವ ಮೊದಲು ಯಾರೂ ಯೋಚಿಸಿರಲಿಲ್ಲವೇನೋ. ಕಲ್ಲಚ್ಚಿನ ಮುದ್ರಣಾಲಯ ಮಾತ್ರ 1841ರಿಂದ ನಿಂತಿತು, ಅದರ ಜೊತೆ ಪುಸ್ತಕ ಕಟ್ಟುವ ಕೆಲಸವೂ.

ನೇಯ್ಗೆ ಮೊದಲ ನಿಜವಾದ ಗೆಲುವು. 1851ರಲ್ಲಿ ಬಂದ ಹಾಲರ್ ಎಂಬ ನುರಿತ ನೇಕಾರ ಯುರೋಪಿನ ಮಾದರಿಯ ಮಗ್ಗಗಳನ್ನು ಹೂಡಿದ, ಬಣ್ಣದ ಮನೆ ಕಟ್ಟಿದ. ಮರದ ತೊಗಟೆಯಿಂದ ಅವನು ತೆಗೆದ ಕಂದುಬಣ್ಣದ ಬಟ್ಟೆಯೇ ಖಾಕಿಯ ಮೂಲ ಎಂಬ ಮಾತು ಮಂಗಳೂರಿನಲ್ಲಿ ಇವತ್ತಿಗೂ ಹೆಮ್ಮೆಯಿಂದ ಕೇಳಿಬರುತ್ತದೆ. ಇದನ್ನು ಸ್ವಲ್ಪ ತಗ್ಗಿಸಿ ಹೇಳಬೇಕು. ಪಂಜಾಬಿನ ಗಡಿಯ ಗೈಡ್ಸ್ ದಳ 1840ರ ದಶಕದಲ್ಲೇ ಮಣ್ಣುಬಣ್ಣದ ಸಮವಸ್ತ್ರ ತೊಟ್ಟಿತ್ತು. ಬಣ್ಣ ಬಿಡದ, ಗಟ್ಟಿಯಾದ ಖಾಕಿಯನ್ನು ದೊಡ್ಡ ಪ್ರಮಾಣದಲ್ಲಿ ನೇಯ್ದು ಹೆಸರು ಮಾಡಿದ್ದು ಬಲ್ಮಠದ ಸಾಧನೆ, ಅದೇನೂ ಸಣ್ಣದಲ್ಲ.

ಲೆಕ್ಕಪತ್ರ ಬಲ್ಲ ಪ್ಫ್ಲೈಡರರ್ ಎಂಬ ವ್ಯಾಪಾರಸ್ಥ 1854ರಲ್ಲಿ ಬಂದ ಮೇಲೆ ಕೆಲಸ ಮತ್ತು ಮಾರಾಟ ಎರಡೂ ಒಂದು ಹಿಡಿತಕ್ಕೆ ಸಿಕ್ಕವು. 1859ರಲ್ಲಿ ಬಾಸೆಲ್ ಮಿಷನ್ ಟ್ರೇಡಿಂಗ್ ಕಂಪನಿ ಹುಟ್ಟಿತು. ಭಕ್ತಿವಂತ ಶೇರುದಾರರು ಹಣ ಹೂಡಿದರು. ಲಾಭದ ಒಂದು ಪಾಲು ಮಿಷನ್ನಿನ ಶಾಲೆ, ಸಭೆ, ಅನಾಥಾಲಯಗಳಿಗೆ ಹರಿಯಿತು. ಹಿಂದೆ ಬಾಸೆಲ್ಲಿನ ಹಳ್ಳಿಗಳಿಂದ ಕೂಡಿಸಿ ಕಳಿಸುತ್ತಿದ್ದ ಕಾಣಿಕೆಯ ಜೊತೆಗೆ ಈಗ ಮಂಗಳೂರಿನಲ್ಲೇ ದುಡಿದ ಹಣವೂ ಸೇರಿತು.

ಹೆಂಚಿನ ಕಥೆ ಎಲ್ಲರಿಗೂ ಗೊತ್ತಿರುವುದೇ, ಆದರೂ ವಿವರಕ್ಕೆ ತಕ್ಕದ್ದು. ಆಗಿನ ಕರಾವಳಿಯ ಮನೆಗಳು ಮುಳಿಹುಲ್ಲಿನವು, ಇಲ್ಲವೇ ತೆಂಗಿನ ಮಡಲಿನವು. ವರ್ಷ ವರ್ಷ ಹೊದಿಸಬೇಕು, ಬೇಸಿಗೆಯಲ್ಲಿ ಒಂದು ಕಿಡಿ ಬಿದ್ದರೆ ಕೇರಿಗೆ ಕೇರಿಯೇ ಬೂದಿ. ಕುಂಬಾರರ ಓಡು ಹೆಂಚು ಭಾರ, ಮಂಗ ಹತ್ತಿದರೆ ಜಾರುತ್ತಿತ್ತು. ಮುದ್ರಣದ ಕೆಲಸಕ್ಕೆ ಬಂದಿದ್ದ ಗಿಯಾರ್ಗ್ ಪ್ಲೆಬ್ಸ್ಟ್ ಎಂಬಾತ ನೇತ್ರಾವತಿ ದಂಡೆಯ ಜೇಡಿಮಣ್ಣನ್ನು ಗಮನಿಸಿದ. ಫ್ರಾನ್ಸಿನ ಆಲ್ಸಾಸ್ ಪ್ರಾಂತದ ಗಿಲಾರ್ದೋನಿ ಸಹೋದರರು 1841ರಲ್ಲಿ ಒಂದಕ್ಕೊಂದು ಕೊಕ್ಕೆ ಹಾಕಿಕೊಳ್ಳುವ ಚಪ್ಪಟೆ ಹೆಂಚಿಗೆ ಪೇಟೆಂಟ್ ಪಡೆದಿದ್ದರು. ಆ ಮಾದರಿಯನ್ನು ಅನುಸರಿಸಿ ಪ್ಲೆಬ್ಸ್ಟ್ 1865ರಲ್ಲಿ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದ. ದೋಣಿಯಲ್ಲಿ ಬಂದ ಮಣ್ಣನ್ನು ರಾಶಿ ಹಾಕಿ ಹದ ಬರುವ ತನಕ ಬಿಡಬೇಕು, ಕಲ್ಲು ಬೇರು ಆರಿಸಿ ಅರೆಯಬೇಕು, ಹಲಗೆಯಂತೆ ಕೊಯ್ದು ಅಚ್ಚಿನಲ್ಲಿಟ್ಟು ಒತ್ತಬೇಕು. ಅಂಚಿಗೆ ಉಳಿದ ಮಣ್ಣನ್ನು ತಂತಿಯಲ್ಲಿ ಸವರಿ, ನೆರಳಿನ ಚಪ್ಪರದಲ್ಲಿ ಹಲಗೆಯ ಮೇಲೆ ಒಣಗಿಸಿ, ಆಮೇಲೆ ಗೂಡಿಗೆ ಹಾಕಿ ಸುಡಬೇಕು. ಸುಟ್ಟು ಬಂದ ಹೆಂಚು ಎರಡೂವರೆ ಕಿಲೋ ಆಸುಪಾಸು ತೂಗುತ್ತದೆ; ಹಿಂಬದಿಯ ಮೂಗು ರೀಪಿಗೆ ಸಿಕ್ಕಿಕೊಳ್ಳುತ್ತದೆ, ಪಕ್ಕದ ಏಣು ನೆರೆಯ ಹೆಂಚಿನ ತೋಡಿನೊಳಗೆ ಕೂರುತ್ತದೆ. ಮಂಗಳೂರಿನ ಮಳೆಯನ್ನು ತಡೆದ ಆ ಹೆಂಚು ಬಂಗಾಳ ಉಪಸಾಗರದ ಆಚೆಗೂ, ಏಡನ್ನಿಗೂ, ಪೂರ್ವ ಆಫ್ರಿಕಕ್ಕೂ ಹಡಗೇರಿತು. ಕುದ್ರೋಳಿ, ಮಲ್ಪೆ, ಕೇರಳದ ಕೋಡಕ್ಕಲ್, ಫೆರೋಕ್, ಪಾಲ್ಘಾಟುಗಳಲ್ಲೂ ಮಿಷನ್ನಿನ ಕಾರ್ಖಾನೆಗಳು ಎದ್ದವು. ಹಳೆಯ ಮನೆಯೊಂದರ ಹೆಂಚನ್ನು ಮಗುಚಿ ನೋಡಿದರೆ ಮಿಷನ್ನಿನ ಹೆಸರಿನ ಜೊತೆ 1865 ಎಂಬ ಇಸವಿಯ ಅಚ್ಚು ಇನ್ನೂ ಕಾಣಸಿಗುತ್ತದೆ.

ಕಾರ್ಖಾನೆಯಲ್ಲಿ ಹೆಂಗಸರೂ ದುಡಿದರು. ಕೆಲಸದ ವೇಳೆಗೆ ಗಂಟೆ, ಭಾನುವಾರ ರಜೆ, ಕಾಯಿಲೆಗೆ ಬಿದ್ದವರಿಗೆ ನಿಧಿ, ಉಳಿತಾಯದ ಪೆಟ್ಟಿಗೆ ಇವೆಲ್ಲ ಆ ಕಾಲಕ್ಕೆ ಹೊಸತು. ಇನ್ನೊಂದು ಮುಖವನ್ನು ಮುಚ್ಚಿಡುವಂತಿಲ್ಲ. ಕೂಲಿ ಕೊಡುವವನು, ಮನೆ ಕೊಟ್ಟವನು, ಭಾನುವಾರ ಬೋಧಿಸುವವನು ಎಲ್ಲ ಒಬ್ಬನೇ ಆದಾಗ ಕೆಲಸಗಾರನಿಗೆ ಎದುರಾಡುವ ಜಾಗ ಉಳಿಯುವುದಿಲ್ಲ. ಸಭೆಯ ಶಿಸ್ತಿಗೆ ತಪ್ಪಿದವನ ಹೊಟ್ಟೆಪಾಡಿಗೂ ಏಟು ಬೀಳಬಹುದಿತ್ತು. ಬಿಲ್ಲವರಲ್ಲಿ ಎಲ್ಲರೂ ಈ ದಾರಿ ಹಿಡಿಯಲಿಲ್ಲ ಎನ್ನುವುದೂ ಗಮನಾರ್ಹ. 1870ರ ಹೊತ್ತಿಗೆ ಅರಸಪ್ಪ ಎಂಬ ಬಿಲ್ಲವ ಮುಖಂಡ ಬ್ರಹ್ಮಸಮಾಜದ ಕಡೆ ತಿರುಗಿದ. ಅದೇ ಸಮಾಜದ ಪ್ರಭಾವದಲ್ಲಿ ಬೆಳೆದ ಕುದ್ಮುಲ್ ರಂಗರಾಯರು 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿ ದಲಿತ ಮಕ್ಕಳಿಗೆ ಶಾಲೆ, ಕೈಕಸುಬು, ನಿವೇಶನಗಳನ್ನು ಒದಗಿಸಿದರು. ಮತಾಂತರದ ಷರತ್ತಿಲ್ಲದೆಯೂ ಅದೇ ಕೆಲಸ ಮಾಡಬಹುದೆಂದು ತೋರಿಸಿದ ಅವರ ಯತ್ನವನ್ನು ಬಾಸೆಲ್ ಮಿಷನ್ನಿಗೆ ಮಂಗಳೂರು ಕೊಟ್ಟ ಉತ್ತಮ ಉತ್ತರವೆಂದು ಹೇಳಬಹುದು.

ಕ್ಯಾಥೊಲಿಕರ ಕಡೆಯ ಬದಲಾವಣೆ ನಾಲ್ಕು ದಶಕ ತಡವಾಗಿ ಬಂತು. ಊರಿನ ಕ್ಯಾಥೊಲಿಕರು ತಮಗೊಂದು ಕಾಲೇಜು ಬೇಕೆಂದು ರೋಮಿಗೆ ಬರೆದುಕೊಂಡಿದ್ದರು. ಪೋಪ್ ಹದಿಮೂರನೆಯ ಲಿಯೋ ಮಂಗಳೂರನ್ನು ಯೇಸುಸಭೆಯವರಿಗೆ, ಅಂದರೆ ಜೆಸ್ವಿಟರಿಗೆ, ವಹಿಸಿದರು. 1878ರ ಡಿಸೆಂಬರ್ 31ರಂದು ಮೊದಲ ತಂಡ ಮಂಗಳೂರಿನಲ್ಲಿ ಇಳಿಯಿತು. ಕೊಂಕಣಿ ವ್ಯಾಕರಣ, ನಿಘಂಟು ಬರೆದ ಆಂಜೆಲೊ ಮಾಫೆಯಿ ಆ ತಂಡದವರು. ಅಗಸ್ಟಸ್ ಮುಲ್ಲರ್ ಕೂಡ.

ಮುಲ್ಲರ್ 1841ರಲ್ಲಿ ಜರ್ಮನಿಯ ವೆಸ್ಟ್‌ಫಾಲಿಯದಲ್ಲಿ ಹುಟ್ಟಿದವರು. ಫ್ರಾನ್ಸಿನಲ್ಲಿ ಯೇಸುಸಭೆ ಸೇರಿ, ಅಮೆರಿಕದಲ್ಲಿ ಕೆಲಕಾಲ ಪಾಠ ಹೇಳಿ ಇಲ್ಲಿಗೆ ಬಂದಿದ್ದರು. ಮಂಗಳೂರಿಗೂ ಅವರನ್ನು ಕಳಿಸಿದ್ದು ಪಾಠ ಹೇಳುವುದಕ್ಕೆ. ವೈದ್ಯ ಪದವಿ ಅವರಿಗಿರಲಿಲ್ಲ. ಇದ್ದದ್ದು ಹೋಮಿಯೋಪತಿ ಔಷಧಿಗಳ ಪೆಟ್ಟಿಗೆ ಮತ್ತು ಅದರ ಮೇಲಿನ ನಂಬಿಕೆ. ವಿದ್ಯಾರ್ಥಿಗಳಿಗೆ, ಆಳುಕಾಳುಗಳಿಗೆ ಕೊಡುತ್ತ ಕೊಡುತ್ತ ಹೆಸರು ಹಬ್ಬಿತು. 1880ರಲ್ಲಿ ಬಡವರ ಹೋಮಿಯೋಪತಿ ಔಷಧಾಲಯ ಶುರುವಾಯಿತು. ಆಲದ ಮರದ ನೆರಳಿನಲ್ಲಿ ಕೂತು ಔಷಧಿ ಹಂಚುತ್ತಿದ್ದರೆಂದು ಆ ಸಂಸ್ಥೆಯವರು ಹೇಳಿಕೊಂಡು ಬಂದಿದ್ದಾರೆ. ಈ ಕೆಲಸ ನೆಲೆನಿಂತ ಕಂಕನಾಡಿ ಆಗ ಊರಾಚೆಯ ಗುಡ್ಡ.

ಮುಲ್ಲರರ ಜಾಣ್ಮೆ ಚಿಕಿತ್ಸೆಗಿಂತ ಹೆಚ್ಚಾಗಿ ವ್ಯವಹಾರದಲ್ಲಿ ಕಾಣುತ್ತದೆ. ಹೋಮಿಯೋಪತಿಯ ಔಷಧಿಗೆ ಬೇಕಾದದ್ದು ಸಕ್ಕರೆಯ ಸಣ್ಣ ಗುಳಿಗೆ, ಅದನ್ನು ತೋಯಿಸುವ ದ್ರಾವಣ, ಬಿರಡೆ ಹಾಕಿದ ಪುಟ್ಟ ಸೀಸೆ, ಒಂದು ಚೀಟಿ. ಹಗುರ, ಕೆಡುವುದಿಲ್ಲ, ಅಂಚೆಯಲ್ಲಿ ಸಲೀಸಾಗಿ ಹೋಗುತ್ತದೆ. ಭಾರತದ ಅಂಚೆ ಇಲಾಖೆ 1877ರಲ್ಲಿ ವಿ.ಪಿ. ಪದ್ಧತಿ ತಂದಿತ್ತು; ಸಾಮಾನು ಮನೆಬಾಗಿಲಿಗೆ ಬಂದ ಮೇಲೆ ಪೋಸ್ಟ್‌ಮ್ಯಾನನ ಕೈಗೆ ದುಡ್ಡು ಕೊಟ್ಟರೆ ಸಾಕು. ಡಾಕ್ಟರೇ ಇಲ್ಲದ ಊರುಗಳಿಗೆ, ತೋಟಗಳಿಗೆ, ದೂರದ ಪಾದ್ರಿಮನೆಗಳಿಗೆ ಕಂಕನಾಡಿಯ ಪೆಟ್ಟಿಗೆಗಳು ಹೊರಟವು. ಯುರೋಪಿನಿಂದ ತರಿಸಿದ ಔಷಧಿಗಳ ಜೊತೆಗೆ, ಯಾವ ಕಾಯಿಲೆಗೆ ಯಾವುದು ಎಂದು ತಿಳಿಸುವ ಕೈಪಿಡಿಗಳನ್ನೂ ಮುಲ್ಲರ್ ಬರೆದು ಅಚ್ಚು ಹಾಕಿಸಿದರು. ಕೊಳ್ಳಬಲ್ಲವರು ಕೊಟ್ಟ ದುಡ್ಡಿನಲ್ಲಿ ಕೊಳ್ಳಲಾರದವರಿಗೆ ಬಿಟ್ಟಿ ಔಷಧಿ, ಹಾಸಿಗೆ, ಗಂಜಿ ನಡೆದವು.

ಈ ಲಾಭ ಹೋದದ್ದು ಬೇರಾರೂ ಮುಟ್ಟದ ರೋಗಿಗಳ ಕಡೆಗೆ. 1890ರಲ್ಲಿ ಕಂಕನಾಡಿಯಲ್ಲಿ ಸಂತ ಜೋಸೆಫರ ಹೆಸರಿನಲ್ಲಿ ಕುಷ್ಠರೋಗಿಗಳ ಆಶ್ರಮ ಏರ್ಪಟ್ಟಿತು. ಕುಷ್ಠದ ರೋಗಾಣುವನ್ನು ನಾರ್ವೆಯ ಹ್ಯಾನ್ಸನ್ 1873ರಲ್ಲೇ ಗುರುತಿಸಿದ್ದ. ಆದರೆ ಗುಣಪಡಿಸುವ ಸಲ್ಫೋನ್ ಔಷಧಿಗಳು 1940ರ ದಶಕಕ್ಕೆ ಮೊದಲು ಬರಲಿಲ್ಲ. ಮುಲ್ಲರರ ಗುಳಿಗೆ ಕುಷ್ಠವನ್ನು ವಾಸಿಮಾಡುತ್ತಿರಲಿಲ್ಲ. ಹುಣ್ಣು ತೊಳೆದು ಹೊಸ ಬಟ್ಟೆ ಕಟ್ಟುವುದು, ಹೊತ್ತುಹೊತ್ತಿಗೆ ಊಟ, ಸಾಯುವ ತನಕ ಯಾರೂ ಎಬ್ಬಿಸದ ಒಂದು ಹಾಸಿಗೆ: ಆಶ್ರಮದ ನಿಜವಾದ ಚಿಕಿತ್ಸೆ ಇದೇ. ಮನೆಯವರೇ ಊರ ಹೊರಗೆ ಬಿಟ್ಟುಬಂದ ಮನುಷ್ಯನಿಗೆ ಅದು ಎಷ್ಟು ದೊಡ್ಡದಾಗಿತ್ತೆಂದು ಬಿಡಿಸಿ ಹೇಳಬೇಕಿಲ್ಲ.

1896ರಲ್ಲಿ ಮುಂಬಯಿಗೆ ಕಾಲಿಟ್ಟ ಪ್ಲೇಗು ಹಡಗಿನ ಹಾದಿ ಹಿಡಿದು ಕರಾವಳಿಗೂ ಬಂತು. 1902ರಲ್ಲಿ ಮಂಗಳೂರಿನ ಸರದಿ. ಮುಲ್ಲರ್ ಪ್ಲೇಗಿನವರಿಗಾಗಿ ಪ್ರತ್ಯೇಕ ಆಸ್ಪತ್ರೆ ಕಟ್ಟಿಸಿದರು. ಸಾಮಾನ್ಯ ಕಾಯಿಲೆಯ ಗಂಡಸರಿಗೆ, ಹೆಂಗಸರಿಗೆ ವಾರ್ಡುಗಳು ಅಷ್ಟರಲ್ಲಿ ಎದ್ದಿದ್ದವು. 1898ರಲ್ಲಿ ಇಟಲಿಯಿಂದ ಬಂದ ಸಿಸ್ಟರ್ಸ್ ಆಫ್ ಚಾರಿಟಿ ಸಭೆಯ ಸನ್ಯಾಸಿನಿಯರು ಶುಶ್ರೂಷೆಯ ಹೊಣೆ ಹೊತ್ತರು. ಇಂಥ ಸಂಸ್ಥೆಗಳ ಚರಿತ್ರೆ ಬರೆಯುವಾಗ ಪಾದ್ರಿಗಳ ಹೆಸರು ದಪ್ಪಕ್ಷರದಲ್ಲಿ ಬರುತ್ತದೆ; ರಾತ್ರಿಯೆಲ್ಲ ಹುಣ್ಣು ತೊಳೆದವರ, ಬೇಯಿಸಿ ಬಡಿಸಿದವರ ಹೆಸರು ಹೆಚ್ಚಾಗಿ ಮಠದ ದಫ್ತರಿನಲ್ಲೇ ಉಳಿಯುತ್ತದೆ. ಸರ್ಕಾರ ಮುಲ್ಲರರಿಗೆ ಕೈಸರ್-ಇ-ಹಿಂದ್ ಪದಕ ಕೊಟ್ಟಿತು. 1910ರ ನವೆಂಬರ್ 1ರಂದು ಅವರು ತೀರಿಕೊಂಡರು.

ಜೆಪ್ಪುವಿನಲ್ಲೂ ಯೇಸುಸಭೆಯವರ ಸಂತ ಜೋಸೆಫರ ಆಶ್ರಮವಿತ್ತು. ಅನಾಥ ಹುಡುಗರಿಗೆ ಮರಗೆಲಸ, ಲೋಹದ ಕೆಲಸ, ಶಿಲ್ಪ ಕಲಿಸುವ ವರ್ಕ್‌ಶಾಪ್ ಅದಕ್ಕೆ ಅಂಟಿಕೊಂಡಿತ್ತು. ಕರಾವಳಿಯ ಎಷ್ಟೋ ಇಗರ್ಜಿಗಳ ಪೀಠ, ಪ್ರತಿಮೆಗಳು ತಯಾರಾದದ್ದು ಅಲ್ಲಿ. ಬಾಸೆಲ್ ಮಿಷನ್ನಿನ ಪಾಠವನ್ನು ಕ್ಯಾಥೊಲಿಕರು ಹೆಸರೆತ್ತದೆ ಕಲಿತಿದ್ದರೆನ್ನಬೇಕು.

ಹಳೆಯ ಬಗೆಯ ಕಾಣಿಕೆ ಇದರಿಂದ ಮಾಯವಾಗಲಿಲ್ಲ, ಹೊಸ ರೂಪ ತಾಳಿತು. 1890ರ ದಶಕದಲ್ಲಿ ಫ್ರಾನ್ಸಿನ ತೂಲೋನ್ ಪಟ್ಟಣದಲ್ಲಿ ಸಂತ ಅಂತೋನಿಯವರ ರೊಟ್ಟಿ ಎಂಬ ಭಕ್ತಿಪದ್ಧತಿ ಬಳಕೆಗೆ ಬಂತು. ಹರಕೆ ಈಡೇರಿದವರು ಸಂತನ ಪೆಟ್ಟಿಗೆಗೆ ದುಡ್ಡು ಹಾಕುವುದು, ಆ ದುಡ್ಡಿನಲ್ಲಿ ಬಡವರಿಗೆ ರೊಟ್ಟಿ ಹಂಚುವುದು. ಮಂಗಳೂರಿನಲ್ಲಿ ಮಿಲಾಗ್ರಿಸ್ ಇಗರ್ಜಿಯ ವಿಗಾರರಾಗಿದ್ದ ಫ್ರಾಂಕ್ ಪಿರೇರಾ 1898ರಲ್ಲಿ ಸಂತ ಅಂತೋನಿಯವರ ಹೆಸರಿನಲ್ಲೇ ಬಡವರ ಆಶ್ರಮವನ್ನು ಆರಂಭಿಸಿದರು. ಅವರು ಪರದೇಶದಿಂದ ಬಂದವರಲ್ಲ, ಈ ಊರಿನ ಪಾದ್ರಿ. ಹರಕೆ ಹೊತ್ತು ಕಾಣಿಕೆ ಡಬ್ಬಿಗೆ ಹಾಕುವ ಅಭ್ಯಾಸ ತುಳುನಾಡಿನ ಎಲ್ಲ ಮತದವರಿಗೂ ರಕ್ತಗತ. ಅಂತೋನಿಯವರ ಪೆಟ್ಟಿಗೆಗೆ ಹಿಂದೂಗಳೂ ಹಾಕುತ್ತ ಬಂದಿರುವುದು ಅದಕ್ಕೇ.

ಬಾಸೆಲ್ ಮಿಷನ್ ಮತ್ತು ಕಂಕನಾಡಿ ಎಂಬ ಎರಡು ಮಾದರಿಗಳ ಬಲಾಬಲ ಗೊತ್ತಾದದ್ದು ಮೊದಲನೆಯ ಮಹಾಯುದ್ಧದಲ್ಲಿ. 1914ರಲ್ಲಿ ಬಾಸೆಲ್ ಮಿಷನ್ನಿನ ಜರ್ಮನರು ಶತ್ರುದೇಶದವರಾದರು. ಅವರನ್ನು ಅಹಮದ್‌ನಗರದ ಬಂದಿ ಶಿಬಿರಕ್ಕೆ ಸಾಗಿಸಿ ಕೊನೆಗೆ ಅವರ ದೇಶಕ್ಕೆ ಕಳಿಸಲಾಯಿತು. ಹೆಂಚಿನ ಕಾರ್ಖಾನೆಗಳು, ಮಗ್ಗದ ಮನೆಗಳು ಸರ್ಕಾರದ ವಶವಾಗಿ, ಯುದ್ಧ ಮುಗಿದ ಮೇಲೆ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಯ ಪಾಲಾದವು. ಲಾಭದ ಹಣದಿಂದ ನಡೆಯುತ್ತಿದ್ದ ಶಾಲೆ, ಸಭೆಗಳು ಆಸರೆ ಕಳೆದುಕೊಂಡವು. ಹೊರಗಿನ ಯಜಮಾನನ ಕೈಯಲ್ಲಿದ್ದ ದಾನಕ್ಕೆ ಇದೇ ಅಪಾಯ. ಆದರೆ ಕಸುಬು ಮಾತ್ರ ಊರಿನಲ್ಲೇ ಉಳಿಯಿತು. ಮಿಷನ್ನಿನವರನ್ನು ನೋಡಿ ಮಂಗಳೂರಿನ ಕ್ಯಾಥೊಲಿಕ್ ಹಾಗೂ ಇತರ ಉದ್ಯಮಿಗಳು ಅಷ್ಟರಲ್ಲೇ ತಮ್ಮ ಹೆಂಚಿನ ಕಾರ್ಖಾನೆಗಳನ್ನು ಹಾಕಿದ್ದರು. ಮಿಷನ್ನಿನಲ್ಲಿ ಕೆಲಸ ಕಲಿತವರಿಗೆ ಅಲ್ಲೂ ಕೂಲಿ ಸಿಕ್ಕಿತು. ಒಂದು ಧರ್ಮಸಂಸ್ಥೆ ತನ್ನ ಸಭೆಯ ಬಡವರಿಗೆಂದು ಹುಡುಕಿದ ಕೆಲಸ ಇಡೀ ಜಿಲ್ಲೆಯ ಕಸುಬಾಗಿತ್ತು. ಬಾಸೆಲ್ ಮಿಷನ್ನಿನ ಕೊಡುಗೆಯನ್ನು ಅಳೆಯಬೇಕಾದದ್ದು ಅದು ಸೇರಿಸಿಕೊಂಡ ಸಭಿಕರ ಲೆಕ್ಕದಿಂದಲ್ಲ, ಇದರಿಂದ.

ಕಂಕನಾಡಿ ಬೇರೆ ರೀತಿಯಲ್ಲಿ ಬೆಳೆಯಿತು. ಆಡಳಿತ ಯೇಸುಸಭೆಯಿಂದ ಮಂಗಳೂರು ಧರ್ಮಪ್ರಾಂತದ ಪಾದ್ರಿಗಳ ಕೈಗೆ ಬಂತು. ಹೋಮಿಯೋಪತಿಯಿಂದ ಹುಟ್ಟಿದ ಸಂಸ್ಥೆ ಅಲೋಪತಿಯ ದೊಡ್ಡ ಆಸ್ಪತ್ರೆಯಾಯಿತು. 1985ರಲ್ಲಿ ಹೋಮಿಯೋಪತಿ ಕಾಲೇಜು, 1999ರಲ್ಲಿ ವೈದ್ಯಕೀಯ ಕಾಲೇಜು ಶುರುವಾದವು. ಫೀಸು ಕೊಟ್ಟು ಓದುವವರು, ಬಿಲ್ಲು ಕಟ್ಟಿ ಮಲಗುವವರು ಹೆಚ್ಚಿದಂತೆ ಬಿಟ್ಟಿ ಹಾಸಿಗೆಯ ಜಾಗವೇನು ಎಂಬ ಪ್ರಶ್ನೆ ಎಲ್ಲ ಧರ್ಮಾಸ್ಪತ್ರೆಗಳ ಮುಂದಿರುವಂತೆ ಇದರ ಮುಂದೆಯೂ ಇದೆ. ಜೆಪ್ಪುವಿನ ಹೆಂಚಿಗೆ ಕಾಂಕ್ರೀಟು ಪೆಟ್ಟು ಕೊಟ್ಟಿತು. ಕರಾವಳಿಯ ಹೆಂಚಿನ ಕಾರ್ಖಾನೆಗಳಲ್ಲಿ ಬಹುಪಾಲು ಮುಚ್ಚಿವೆ. ಮುಲ್ಲರರ ಹೆಸರಿನ ಔಷಧಿ ವಿಭಾಗ ಮಾತ್ರ ಹೋಮಿಯೋಪತಿ ಔಷಧಿಗಳನ್ನು ಇಂದಿಗೂ ತಯಾರಿಸಿ ಮಾರುತ್ತಿದೆ.